ಮನೆಯ ಆರೈಕೆ, ವ್ಯಕ್ತಿಯ ಇಚ್ಛೆ: ಕುಂದಾಪುರ ಸೀಮೆಯಲ್ಲಿ ವ್ಯಕ್ತಿಕೇಂದ್ರಿತ ಯೋಜನೆ

ಮಾನಸಿಕ ಕಾಯಿಲೆ ಇರುವವರಿಗೂ ಅಂಗವೈಕಲ್ಯ ಇರುವವರಿಗೂ ಸಲ್ಲಬೇಕಾದ ನೆರವನ್ನು, ನೆರವು ಕೊಡುವ ಸಂಸ್ಥೆಯ ಬಳಿ ಏನೇನಿದೆ ಎಂಬ ಪಟ್ಟಿಯಿಂದ ಆರಂಭಿಸದೆ, ನೆರವು ಪಡೆಯುವವರಿಗೆ ಎಂಥ ಬದುಕು ಬೇಕು ಎಂಬ ವಿಚಾರಣೆಯಿಂದ ಆರಂಭಿಸಿ, ಆ ಬದುಕಿಗೆ ಯಾರು, ಯಾವಾಗ, ಎಷ್ಟರ ಮಟ್ಟಿಗೆ ಜೊತೆ ನಿಲ್ಲಬೇಕು ಎಂಬುದನ್ನು ಅವರೊಂದಿಗೇ ಕುಳಿತು ಗೊತ್ತುಮಾಡಿ ಬರೆದಿಡುವ ಕ್ರಮಕ್ಕೆ ವ್ಯಕ್ತಿಕೇಂದ್ರಿತ ಯೋಜನೆ ಎಂದು ಹೆಸರು. ಅಮೆರಿಕ ಮತ್ತು ಕೆನಡಾಗಳಲ್ಲಿ ಬೌದ್ಧಿಕ ಅಂಗವೈಕಲ್ಯವುಳ್ಳವರನ್ನು ದೊಡ್ಡ ಆಶ್ರಯಧಾಮಗಳಿಂದ ಊರೊಳಗಿನ ಮನೆಗಳಿಗೆ ಕರೆತರುವ ಕೆಲಸ ನಡೆಯುತ್ತಿದ್ದ ಕಾಲದಲ್ಲಿ, ಮುಖ್ಯವಾಗಿ 1980ರ ದಶಕದಲ್ಲಿ, ಜಾನ್ ಓಬ್ರಿಯನ್, ಬೆತ್ ಮೌಂಟ್, ಮೈಕೆಲ್ ಸ್ಮಲ್ ಮೊದಲಾದವರು ಇದಕ್ಕೆ ರೂಪ ಕೊಟ್ಟರು. 2001ರಲ್ಲಿ ಇಂಗ್ಲೆಂಡಿನ ಸರ್ಕಾರ ಬೌದ್ಧಿಕ ಅಂಗವೈಕಲ್ಯವುಳ್ಳವರ ಕುರಿತು ಹೊರಡಿಸಿದ ಶ್ವೇತಪತ್ರದಲ್ಲಿ ಇದೇ ಕ್ರಮವನ್ನು ತನ್ನ ನೀತಿಯನ್ನಾಗಿ ಒಪ್ಪಿಕೊಂಡಿತು. ಸ್ಮಲ್ ಅವರು ಮಾಡಿದ ಒಂದು ವಿಂಗಡಣೆ ಈ ಇಡೀ ಚಿಂತನೆಯ ತಿರುಳು: ವ್ಯಕ್ತಿಗೆ ಸ್ವತಃ ಮುಖ್ಯವೆಂದು ತೋರುವುದು ಒಂದು, ವ್ಯಕ್ತಿಯ ಆರೋಗ್ಯ ಮತ್ತು ಸುರಕ್ಷತೆಯ ದೃಷ್ಟಿಯಿಂದ ಇತರರಿಗೆ ಮುಖ್ಯವೆಂದು ತೋರುವುದು ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿ ಬರೆದು, ಅವು ಎಲ್ಲಿ ಒಂದಕ್ಕೊಂದು ಎದುರಾಗುತ್ತವೆಯೋ ಅಲ್ಲಿ ಹೊಂದಾಣಿಕೆ ಹುಡುಕುವುದೇ ಯೋಜನೆ.

ಆಶ್ರಯಧಾಮದಿಂದ ಮನೆಗೆ ಎಂಬ ಆ ದಾರಿ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಿಗೆ ಹಾಗೆಯೇ ಹೊಂದುವುದಿಲ್ಲ, ಏಕೆಂದರೆ ಇಲ್ಲಿನವರಲ್ಲಿ ಹೆಚ್ಚಿನವರು ಮನೆ ಬಿಟ್ಟು ಹೋದವರೇ ಅಲ್ಲ. ಕಾಯಿಲೆ ಜೋರಾದಾಗ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗೋ, ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಗೋ ಸೇರಿ, ಕೆಲವು ದಿನ ಅಥವಾ ವಾರ ಇದ್ದು ಮರಳುತ್ತಾರೆ. ವರ್ಷದ ಉಳಿದ ದಿನಗಳಲ್ಲಿ ನೆರವು ಎಂದರೆ ತಾಯಿ, ಅಕ್ಕ, ಅತ್ತಿಗೆ. ಆರೈಕೆಯ ಸಂಸ್ಥೆ ಎಂದರೆ ಅಡುಗೆಮನೆಯೂ ಜಗಲಿಯೂ ಇರುವ ಮನೆಯೇ. ಸಂಬಳದ ಸಿಬ್ಬಂದಿಯ ಅನುಕೂಲದಿಂದ ಒಬ್ಬರ ಇಚ್ಛೆಯನ್ನು ಬಿಡಿಸಿ ನೋಡುವುದಕ್ಕಿಂತ, ಹೊಟ್ಟೆಯಲ್ಲಿಟ್ಟುಕೊಂಡು ನೋಡಿಕೊಳ್ಳುವ ಮನೆಯವರ ಅನುಕೂಲದಿಂದ ಅದನ್ನು ಬಿಡಿಸಿ ನೋಡುವುದು ಹೆಚ್ಚು ನಾಜೂಕಿನ ಕೆಲಸ. ಮನೆಯನ್ನು ಹೊರಗಿಟ್ಟು ಇಲ್ಲಿ ಯಾವ ಯೋಜನೆಯೂ ನಡೆಯದು, ಆದರೆ ಮನೆಯ ಮಾತನ್ನೇ ವ್ಯಕ್ತಿಯ ಮಾತೆಂದು ಬರೆದುಕೊಂಡರೆ ಅದು ಯೋಜನೆಯೇ ಆಗದು ಎಂಬುದು ಈ ಉಪನ್ಯಾಸದ ವಾದ.

ಈ ಸೀಮೆಯ ಮನೆಗೆ ಒಂದು ಚರಿತ್ರೆಯಿದೆ. ಅಳಿಯಸಂತಾನ ಪದ್ಧತಿಯನ್ನು ಅನುಸರಿಸುತ್ತಿದ್ದ ಬಂಟರು, ಮೊಗವೀರರು ಮೊದಲಾದ ಸಮುದಾಯಗಳಲ್ಲಿ ಕುಟುಂಬದ ಆಸ್ತಿ ಹೆಣ್ಣುಸಂತಾನದ ಮೂಲಕ ಇಳಿದು, ಯಜಮಾನ ಅಥವಾ ಯಜಮಾನ್ತಿಯ ಆಡಳಿತದಲ್ಲಿ ಒಟ್ಟಾಗಿ ಉಳಿಯುತ್ತಿತ್ತು. ಒಬ್ಬೊಬ್ಬರೇ ಪಾಲು ಕೇಳುವ ಹಕ್ಕು ಇರಲಿಲ್ಲ, ಜೀವನಾಂಶದ ಹಕ್ಕು ಮಾತ್ರ ಕುಟುಂಬದಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ಇತ್ತು. ದುಡಿಯಲಾರದ ಅಣ್ಣ, ಮದುವೆಯಾಗದೆ ಉಳಿದ ತಂಗಿ, ಜನ ‘ಮಂಡೆ ಸಮ ಇಲ್ಲ’ ಎನ್ನುತ್ತಿದ್ದ ಸೋದರಮಾವ ಇವರೆಲ್ಲರ ಗಂಜಿಗೆ ಈ ವ್ಯವಸ್ಥೆಯೇ ಆಧಾರವಾಗಿತ್ತು. 1949ರ ಮದರಾಸು ಅಳಿಯಸಂತಾನ ಕಾಯ್ದೆ ಕವರುಗಳ, ಅಂದರೆ ಒಬ್ಬ ತಾಯಿಯಿಂದ ಬೆಳೆದ ಶಾಖೆಗಳ, ನಡುವೆ ವಿಭಾಗಕ್ಕೆ ದಾರಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ವೈಯಕ್ತಿಕ ಪಾಲನ್ನು ಗಟ್ಟಿಮಾಡಿತು. ಇವುಗಳ ಜೊತೆಗೆ ಮುಂಬಯಿ, ಬೆಂಗಳೂರುಗಳ ಹೋಟೆಲು ಉದ್ಯಮ ಮನೆಯ ಗಂಡಸರನ್ನು ತಲೆಮಾರುಗಳಿಂದ ಹೊರಗೆ ಸೆಳೆಯಿತು. ಪಾಲಾದ ಮೇಲೆ ಸ್ವಂತ ಪಾಲು ಬಂದರೂ ಅದನ್ನು ನೋಡಿಕೊಳ್ಳಲಾಗದ ವ್ಯಕ್ತಿ, ವಯಸ್ಸಾದ ತಾಯಿಯೊಂದಿಗೆ ಮೂಲಮನೆಯಲ್ಲಿ ಉಳಿದ ಚಿತ್ರ ಇಂದು ಈ ಮೂರೂ ತಾಲೂಕುಗಳಲ್ಲಿ ಅಪರೂಪವಲ್ಲ. ಹಳೆಯ ಕುಟುಂಬವನ್ನು ಹೊಗಳುವುದಕ್ಕೆ ಇದಿಷ್ಟು ಸಾಲದು, ಏಕೆಂದರೆ ಗಂಜಿಯ ಹಕ್ಕು ಕೊಟ್ಟ ಮನೆಯೇ ಹಿಂದುಗಡೆಯ ಕತ್ತಲೆಕೋಣೆಯನ್ನೂ ಕೊಟ್ಟಿತ್ತು, ಮತ್ತು ಆ ಕೋಣೆಯಲ್ಲಿದ್ದವರ ಇಷ್ಟಾನಿಷ್ಟವನ್ನು ಯಜಮಾನ ಕೇಳಿದನೆಂದು ನಂಬಲು ಕಾರಣವಿಲ್ಲ.

ಕೇಳದಿರುವ ಈ ಅಭ್ಯಾಸ ಮನೆಯೊಳಗೇ ನಿಂತಿಲ್ಲ. ಕಾಯಿಲೆಯ ಮೊದಲ ಲಕ್ಷಣ ಕಂಡಾಗ ಕರಾವಳಿಯ ಅನೇಕ ಮನೆಯವರು ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಾರೆ, ನಾಗಪಾತ್ರಿಯ ದರ್ಶನದಲ್ಲಿ ವಿಚಾರಿಸುತ್ತಾರೆ. ಅಲ್ಲಿ ಹಿರಿಯರು ಕೇಳುತ್ತಾರೆ, ಜೋಯಿಸರು ಅಥವಾ ಪಾತ್ರಿ ಹೇಳುತ್ತಾರೆ, ಕಾಯಿಲೆಯವರು ಪಕ್ಕದಲ್ಲಿ ಕೂತಿರುತ್ತಾರೆ. ಮುಂದೆ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ನಡೆಯುವುದೂ ಬಹಳ ಬೇರೆಯಲ್ಲ. ನಿದ್ದೆ ಬರುತ್ತದೆಯೇ, ಮಾತ್ರೆ ತೆಗೆದುಕೊಳ್ಳುತ್ತಾರೆಯೇ, ಗಲಾಟೆ ಮಾಡುತ್ತಾರೆಯೇ ಎಂಬ ಪ್ರಶ್ನೆಗಳು ಜೊತೆಗೆ ಬಂದವರ ಕಡೆಗೆ ಹೋಗುತ್ತವೆ, ಉತ್ತರವೂ ಅವರಿಂದಲೇ ಬರುತ್ತದೆ. ಸಾಲಿನಲ್ಲಿ ಇನ್ನೂ ಹತ್ತಾರು ಜನ ಕಾಯುತ್ತಿರುವಾಗ ವೈದ್ಯರನ್ನು ಇದಕ್ಕೆ ದೂರುವುದು ನ್ಯಾಯವಲ್ಲ. ಕೇಳಲು ಬೇರೆ ಹೊತ್ತು, ಬೇರೆ ಜನ ಬೇಕು ಎಂಬುದಷ್ಟೇ ಇದರಿಂದ ತಿಳಿಯಬೇಕಾದದ್ದು.

ಕಾನೂನು ಈ ವಿಷಯದಲ್ಲಿ ಊರಿಗಿಂತ ಮುಂದಿದೆ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲಿ ಸ್ಥಿರೀಕರಿಸಿತು, ಮತ್ತು ಅದಕ್ಕೆ ಹೊಂದುವಂತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಬಂದವು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ಕಾಯಿಲೆಯವರ ಆಶ್ರಯಧಾಮಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಂದಿ ಓಡಲಾಗದೆ ಸತ್ತ ದೇಶದಲ್ಲಿ, ಯಾವ ರೀತಿಯಲ್ಲೂ ಸರಪಳಿ ಹಾಕಕೂಡದು ಎಂಬ ಮಾತು 2017ರ ಕಾಯ್ದೆಯ 95ನೆಯ ಕಲಮಿನಲ್ಲಿ ಬರಲು 16 ವರ್ಷ ಹಿಡಿಯಿತು. ವ್ಯಕ್ತಿಕೇಂದ್ರಿತ ಯೋಜನೆಗೆ ಹೆಚ್ಚು ಹತ್ತಿರದ್ದು ಇದೇ ಕಾಯ್ದೆಯ 5ನೆಯ ಕಲಮು. ಅದು ಹೇಳುವ ಮುಂಗಡ ನಿರ್ದೇಶನ ಎಂದರೆ, ಪ್ರಾಪ್ತವಯಸ್ಕರು ಯಾರೇ ಆಗಲಿ, ಮುಂದೊಮ್ಮೆ ತಾವು ಮಾನಸಿಕ ಕಾಯಿಲೆಯಿಂದ ನಿರ್ಧಾರ ಮಾಡಲಾರದ ಸ್ಥಿತಿಗೆ ಬಂದರೆ ಹೇಗೆ ಚಿಕಿತ್ಸೆ ಕೊಡಬೇಕು, ಹೇಗೆ ಕೊಡಬಾರದು, ತಮ್ಮ ಪರವಾಗಿ ಮಾತಾಡುವವರು ಯಾರು ಎಂಬುದನ್ನು ಮುಂಚಿತವಾಗಿ ಬರೆದಿಡುವ ಪತ್ರ. ಹಾಗೆ ಪರವಾಗಿ ಮಾತಾಡುವವರಿಗೆ ನಾಮನಿರ್ದೇಶಿತ ಪ್ರತಿನಿಧಿ ಎನ್ನುತ್ತಾರೆ. ಅವರು ಸಂಬಂಧಿಕರೇ ಆಗಿರಬೇಕೆಂದಿಲ್ಲ. ತುರ್ತು ಚಿಕಿತ್ಸೆಗೆ ಈ ಪತ್ರ ಅಡ್ಡಬರುವುದಿಲ್ಲವೆಂದು ಕಾಯ್ದೆಯೇ ಹೇಳುವುದರಿಂದ, ಇದನ್ನು ಬರೆದರೆ ಮುಂದೆ ಕಷ್ಟವಾದೀತೆಂಬ ಮನೆಯವರ ಭಯಕ್ಕೆ ಆಧಾರವಿಲ್ಲ.

2016ರ ಕಾಯ್ದೆಯ 14ನೆಯ ಕಲಮು ಸೀಮಿತ ಪಾಲಕತ್ವ ಎಂಬ ಇನ್ನೊಂದು ವಿಚಾರವನ್ನು ತಂದಿತು. ಅಂಗವೈಕಲ್ಯವುಳ್ಳ ವ್ಯಕ್ತಿಯೂ ಪಾಲಕರೂ ಪರಸ್ಪರ ನಂಬಿಕೆಯಿಂದ ಜೊತೆಯಾಗಿ ನಿರ್ಧರಿಸುವ, ಇಂಥ ಒಂದು ನಿರ್ಧಾರಕ್ಕೆ, ಇಷ್ಟು ಅವಧಿಗೆ ಎಂದು ಮಿತಿಯಿರುವ ವ್ಯವಸ್ಥೆ ಅದು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ, ಜಿಲ್ಲಾಧಿಕಾರಿಯ ನೇತೃತ್ವದ ಸ್ಥಳೀಯ ಸಮಿತಿಯ ಮೂಲಕ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹುವಿಧ ಅಂಗವೈಕಲ್ಯವುಳ್ಳ ವಯಸ್ಕರಿಗೆ ಪಾಲಕರನ್ನು ನೇಮಿಸುವ ದಾರಿ ಮೊದಲಿನಿಂದಲೂ ಇದೆ, ಮತ್ತು ಮನೆಯವರಿಗೆ ಹೆಚ್ಚು ಪರಿಚಿತವಾದದ್ದು ಅದೇ. ಪಾಲುಪತ್ರದ ನೋಂದಣಿಗೋ ಬ್ಯಾಂಕು ಖಾತೆಗೋ ಬೇಕಾಯಿತೆಂದು ಹೊರಟು, ಒಬ್ಬ ವಯಸ್ಕರ ಎಲ್ಲ ವ್ಯವಹಾರಕ್ಕೂ ಪಾಲಕತ್ವ ಪಡೆದು ಬರುವುದು ಅಗತ್ಯಕ್ಕಿಂತ ದೊಡ್ಡ ಬೀಗ ಹಾಕಿದಂತೆ. ಆಸ್ತಿಯ ಪ್ರಶ್ನೆ ಬಂದಾಗ ಮಾತ್ರ ಮನೆಯವರಿಗೆ ಆ ವ್ಯಕ್ತಿಯ ಸಹಿ ನೆನಪಾಗುತ್ತದೆ ಎಂಬ ಕಹಿ ಸತ್ಯವನ್ನೂ ಇಲ್ಲಿ ಹೇಳಬೇಕು.

ಸರ್ಕಾರದ ನೆರವು ಹರಿಯುವುದು ಶೇಕಡಾವಾರು ಲೆಕ್ಕದಲ್ಲಿ. ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವನ್ನು ಪ್ರಮಾಣೀಕರಿಸಿದರೆ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಮಾನಸಿಕ ಕಾಯಿಲೆಗೆ ಬಳಸುವ ಭಾರತೀಯ ಅಳತೆಗೋಲು ಸ್ವಂತ ದೇಹದ ಆರೈಕೆ, ಇತರರೊಂದಿಗಿನ ನಡವಳಿಕೆ, ಮಾತು ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕು ಕ್ಷೇತ್ರಗಳಲ್ಲಿ ಏನು ಕುಂದಿದೆ ಎಂದು ನೋಡಿ, ಕಾಯಿಲೆಯ ಅವಧಿಯನ್ನೂ ಸೇರಿಸಿ ಅಂಕ ಹಾಕುತ್ತದೆ. ಹಣ ಹಂಚುವುದಕ್ಕೆ ಇಂಥದೊಂದು ಅಳತೆ ಬೇಕು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಕುಂದನ್ನು ಅಳೆದ ಕಾಗದ ಬದುಕಿನ ದಿಕ್ಕನ್ನು ತೋರುವುದಿಲ್ಲ. ಇದಕ್ಕೆ ಈ ಕರಾವಳಿಯೇ ಕಂಡ ಉದಾಹರಣೆ ಎಂಡೋಸಲ್ಫಾನ್. ಗೇರು ತೋಟಗಳಿಗೆ ವರ್ಷಗಟ್ಟಲೆ ಆಕಾಶದಿಂದ ಸಿಂಪಡಿಸಿದ ಈ ಕೀಟನಾಶಕ ಕಾಸರಗೋಡಿನ ಎಣ್ಮಕಜೆಯ ಕನ್ನಡ ಮನೆಗಳಲ್ಲೂ, ದಕ್ಷಿಣ ಕನ್ನಡದಲ್ಲೂ, ಕುಂದಾಪುರ ಬೈಂದೂರು ಕಡೆಯಲ್ಲೂ ಮನೆಮಾತಾಯಿತು, ಮತ್ತು 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಾದ್ಯಂತ ತಡೆಯಿತು. ಆಮೇಲೆ ನಡೆದ ಹೋರಾಟದಿಂದ ಪೀಡಿತರ ಪಟ್ಟಿ, ಅಂಗವೈಕಲ್ಯದ ಪ್ರಮಾಣಕ್ಕೆ ತಕ್ಕ ಮಾಸಾಶನ, ಕೆಲವೆಡೆ ಹಗಲು ಆರೈಕೆ ಕೇಂದ್ರ ಬಂದವು. ಕೊಕ್ಕಡದ ಕೇಂದ್ರದ ಹೆಸರು ಅನೇಕರಿಗೆ ಗೊತ್ತು. ಅಷ್ಟನ್ನು ಪಡೆಯುವುದೇ ದೊಡ್ಡ ಗೆಲುವಾಗಿದ್ದ ಕಾಲದಲ್ಲಿ, ಪೀಡಿತ ಮಕ್ಕಳು ಮೂವತ್ತು ದಾಟಿದ ಮೇಲೆ ದಿನವನ್ನು ಹೇಗೆ ಕಳೆಯಬಯಸುತ್ತಾರೆ ಎಂದು ಕೇಳಲು ಯಾರಿಗೂ ಉಸಿರಿರಲಿಲ್ಲ. ಈಗ ಕೇಳಬಹುದು.

ಕೇಳುವುದು ಎಂದರೇನು ಎಂಬುದನ್ನು ಒಂದು ಕಲ್ಪಿತ ಸಂದರ್ಭದಲ್ಲಿ ಹತ್ತಿರದಿಂದ ನೋಡುವುದು ಒಳ್ಳೆಯದು. ಬೈಂದೂರಿನ ಒಳಭಾಗದ ಒಂದು ಮನೆಯಲ್ಲಿ, ಹರೆಯದಲ್ಲಿ ಮುಂಬಯಿಯ ಹೋಟೆಲೊಂದರಲ್ಲಿ ಸಪ್ಲಯರ್ ಆಗಿದ್ದು, ಇಲ್ಲದ ದನಿಗಳು ಕೇಳತೊಡಗಿ ಊರಿಗೆ ಮರಳಿದ, ಸ್ಕಿಜೋಫ್ರೇನಿಯಾಕ್ಕೆ ಅನೇಕ ವರ್ಷಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿರುವ ನಡುವಯಸ್ಸಿನ ಗಂಡಸೊಬ್ಬ ಇದ್ದಾನೆಂದು ಇಟ್ಟುಕೊಳ್ಳೋಣ. ಮನೆಯವರನ್ನು ಕೇಳಿದರೆ ಗುರಿ ಸ್ಪಷ್ಟ: ಮಾತ್ರೆ ತಪ್ಪಬಾರದು, ರಾತ್ರಿ ಹೊರಗೆ ಹೋಗಬಾರದು, ನೆಂಟರ ಎದುರು ಏನೂ ಆಗಬಾರದು. ಆಸ್ಪತ್ರೆಯ ಚೀಟಿಯಲ್ಲಿ ಆತ ಮಾತ್ರೆಯನ್ನು ಸರಿಯಾಗಿ ತೆಗೆದುಕೊಳ್ಳುವುದಿಲ್ಲ ಎಂದು ಬರೆದಿರುತ್ತದೆ. ಆತನನ್ನೇ ಬೇರೆ ಕೂರಿಸಿಕೊಂಡು, ಪೂರ್ತಿ ಅವನದೇ ಕುಂದಗನ್ನಡದಲ್ಲಿ, ಅವಸರವಿಲ್ಲದೆ ಕೇಳಿದಾಗ ತಿಳಿಯುವುದು ಬೇರೆಯೇ ಸಂಗತಿ. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟ ಮೇಲೆ, ಹತ್ತಿರದಲ್ಲಿ ಎಲ್ಲಾದರೂ ಆಟವಿದ್ದ ದಿನ ಮಾತ್ರ ಆತ ರಾತ್ರಿಯ ಮಾತ್ರೆಯನ್ನು ಬಿಡುತ್ತಾನೆ, ಏಕೆಂದರೆ ಅದನ್ನು ನುಂಗಿದರೆ ಒಡ್ಡೋಲಗ ಮುಗಿಯುವ ಮೊದಲೇ ತೂಕಡಿಕೆ ಬರುತ್ತದೆ. ಮಂದಾರ್ತಿ ಮೇಳದ, ಸಾಲಿಗ್ರಾಮ ಮೇಳದ ಆಟಗಳೆಂದರೆ ಆತನಿಗೆ ವರ್ಷವಿಡೀ ಕಾಯುವ ವಿಷಯ. ಕಾಯಿಲೆ ಬಂದ ಮೇಲೂ ಆತನಿಗೆ ಪ್ರಸಂಗಗಳ ಪದ್ಯ ಮರೆತಿಲ್ಲ, ಮತ್ತು ಊರಿನ ನಾಲ್ಕು ಜನ ಆತನನ್ನು ಸಮಾನನೆಂದು ಮಾತಾಡಿಸುವ ಸ್ಥಳ ಚೌಕಿಯ ಹಿಂದಿನ ಚಾ ಅಂಗಡಿ ಒಂದೇ.

ಈ ಹಂತದಲ್ಲಿ ಇಚ್ಛೆಗೆ ಹಾಗೆಯೇ ತಲೆಬಾಗುವುದೂ ಯೋಜನೆಯಲ್ಲ. ನಿದ್ದೆಗೆಟ್ಟ ರಾತ್ರಿಗಳು ಇಂಥ ಕಾಯಿಲೆಯನ್ನು ಮರುಕಳಿಸಬಲ್ಲವು ಎಂಬ ಮನೆಯವರ, ವೈದ್ಯರ ಆತಂಕ ನಿಜವಾದದ್ದು. ಎರಡೂ ಕಡೆಯನ್ನು ಬರೆದುಕೊಂಡ ಹಾಳೆ ಹೀಗಿರಬಹುದು: ಬೆಳಗಿನವರೆಗಿನ ಆಟದ ಬದಲು ಈಗ ನಡೆಯುವ ಕಾಲಮಿತಿಯ ಆಟಗಳನ್ನು ಆರಿಸಿಕೊಳ್ಳುವುದು, ಆ ರಾತ್ರಿ ಮಾತ್ರೆಯನ್ನು ಎಷ್ಟು ಹೊತ್ತಿಗೆ ತೆಗೆದುಕೊಳ್ಳಬಹುದು ಎಂದು ಮುಂಚಿತವಾಗಿ ಮನೋವೈದ್ಯರನ್ನು ಆತನೇ ಕೇಳುವುದು, ಹೋಗುವಾಗ ಬರುವಾಗ ಬೈಕಿನಲ್ಲಿ ಕರೆದೊಯ್ಯುವ ಗೆಳೆಯನ ಹೆಸರು, ಮಾರನೆಯ ದಿನ ಬೆಳಿಗ್ಗೆ ಗದ್ದೆ ಕೆಲಸಕ್ಕೆ ಎಬ್ಬಿಸದಿರುವುದು, ಎರಡು ರಾತ್ರಿ ಸತತ ನಿದ್ದೆ ಬಾರದಿದ್ದರೆ ಯಾರಿಗೆ ತಿಳಿಸಬೇಕು ಎಂಬುದು. ಕೊನೆಯದಕ್ಕೆ ಆತ ಮನೆಯಲ್ಲೇ ಇರುವ ಅಣ್ಣನ ಬದಲು ಬ್ರಹ್ಮಾವರದಲ್ಲಿ ಮದುವೆಯಾಗಿರುವ ತಂಗಿಯ ಹೆಸರು ಹೇಳಿದರೆ, ಮುಂಗಡ ನಿರ್ದೇಶನದ ಮೊದಲ ಸಾಲು ಅಲ್ಲಿಯೇ ಸಿಕ್ಕಿತು. ಕಾಯ್ದೆಯ ಪರಿಭಾಷೆಯಿಂದ ಆರಂಭಿಸಿದ್ದರೆ ಆ ಹೆಸರು ಹೊರಬರುತ್ತಿರಲಿಲ್ಲ.

ಮಾತೇ ಬಾರದವರಲ್ಲಿ ಕೇಳುವ ಬಗೆ ಬೇರೆ. 2016ರ ಕಾಯ್ದೆ ಉಚಿತ ಶಿಕ್ಷಣದ ಹಕ್ಕನ್ನು 18ರ ವಯಸ್ಸಿನವರೆಗೆ ಹೇಳುತ್ತದೆ. ಆಮೇಲೆ ವಿಶೇಷ ಶಾಲೆಯ ವಾಹನ ಮನೆಯ ಮುಂದೆ ನಿಲ್ಲುವುದು ನಿಂತು, ಟಿವಿಯ ಎದುರಿನ ಕುರ್ಚಿಯೇ ದಿನವಾಗುತ್ತದೆ. ಬೌದ್ಧಿಕ ಅಂಗವೈಕಲ್ಯವುಳ್ಳ, ಮಾತಾಡದ ಯುವತಿಗೆ ಏನು ಬೇಕೆಂದು ತಿಳಿಯಲು ಕೆಲವು ವಾರ ಮನೆಯವರೇ ದಿನಚರಿ ಬರೆದಿಡುವುದು ಈ ಕ್ರಮದ ಬಳಕೆಯ ಉಪಾಯ: ಯಾವಾಗ ನಕ್ಕಳು, ಯಾವ ಬಟ್ಟಲನ್ನು ದೂರ ತಳ್ಳಿದಳು, ಯಾವ ಸದ್ದಿಗೆ ಕಿವಿ ಮುಚ್ಚಿದಳು, ಯಾರು ಬಂದಾಗ ಎದ್ದು ಬಂದಳು. ಅಬ್ಬಲಿಗೆ ಕೊಯ್ಯುವ ಹೊತ್ತಿಗೆ ಕರೆಯದೆ ಅಂಗಳಕ್ಕೆ ಬರುತ್ತಾಳೆಂದು ಬರೆದಿದ್ದರೆ, ನೆರವಿಗೆ ನಿಂತವರು ಕೂಡಲೇ ಅವಳಿಗೆ ಹೂ ಕಟ್ಟುವ ತರಬೇತಿ ಕೊಡಿಸಲು ಹೊರಡುವ ಸಂಭವ ಹೆಚ್ಚು. ಅವಳಿಗೆ ಇಷ್ಟವಾದದ್ದು ಕೊಯ್ಯುವುದು, ಕಟ್ಟುವುದಲ್ಲ, ಅಥವಾ ಪಕ್ಕದ ಮನೆಯ ಅಕ್ಕ ಆ ಹೊತ್ತಿಗೆ ಬರುತ್ತಾಳೆ ಎಂಬುದಷ್ಟೇ ಆಗಿರಬಹುದು. ಎಲ್ಲ ಇಷ್ಟವನ್ನೂ ಸ್ವಉದ್ಯೋಗವನ್ನಾಗಿ ಮಾಡಿಬಿಡುವ ಉತ್ಸಾಹ ನಮ್ಮ ಪುನರ್ವಸತಿ ಕಾರ್ಯಕ್ರಮಗಳ ಹಳೆಯ ಚಾಳಿ.

ಇಷ್ಟೆಲ್ಲ ಕೇಳಿ ಬರೆಯುವವರು ಯಾರು? ಉತ್ತರ ದೂರದಲ್ಲಿಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಗೌರವಧನದ ಮೇಲೆ ಕೆಲಸ ಮಾಡುತ್ತಾರೆ. ಇವರೂ ಸಾಮಾನ್ಯವಾಗಿ ಅಂಗವೈಕಲ್ಯವುಳ್ಳವರೇ, ಅದೇ ಊರಿನವರು. ಮಾಸಾಶನದ ಅರ್ಜಿ, ಗುರುತಿನ ಚೀಟಿ, ಸಮೀಕ್ಷೆ ಇವುಗಳಲ್ಲೇ ಅವರ ದಿನ ಮುಗಿಯುತ್ತಿದೆ. ಇನ್ನೊಂದು ಕಡೆ, 2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ಒದಗಿಸುವ ವ್ಯವಸ್ಥೆಯಿದೆ. ನಿಮ್ಹಾನ್ಸ್ ಸಂಸ್ಥೆ 1970ರ ದಶಕದಲ್ಲಿ ಸಕಲವಾರದಲ್ಲಿಯೂ, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೂ ಮಾಡಿ ತೋರಿಸಿದ್ದರ ಫಲವಾಗಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದದ್ದು. ಈ ಸೀಮೆಯಿಂದ ಘಟ್ಟ ಹತ್ತಿದರೆ ಸಿಗುವ ತೀರ್ಥಹಳ್ಳಿ ತಾಲೂಕಿನಲ್ಲಿ 2005ರಿಂದ ಅದೇ ಸಂಸ್ಥೆ ತೀವ್ರ ಮನೋರೋಗವುಳ್ಳವರನ್ನು ಊರೂರಲ್ಲಿ ಗುರುತಿಸಿ, ಅವರ ಬಳಿಯಲ್ಲೇ ಚಿಕಿತ್ಸೆ ಮುಂದುವರಿಸುವ ಕೆಲಸ ನಡೆಸಿತು. ಮಾತ್ರೆ ಹಳ್ಳಿಗೆ ಮುಟ್ಟಬಲ್ಲದು ಎಂಬುದು ಕರ್ನಾಟಕದಲ್ಲಿಯೇ ಸಾಬೀತಾದ ಮಾತು. ಮಂಗಳವಾರದ ಮಾತ್ರೆ ಮತ್ತು ಪಂಚಾಯಿತಿಯ ಕಾರ್ಯಕರ್ತರು ಒಬ್ಬರನ್ನೊಬ್ಬರು ಅರಿಯದೆ ಬೇರೆ ಬೇರೆ ಇಲಾಖೆಗಳಲ್ಲಿ ಉಳಿದಿರುವುದು ಸದ್ಯದ ದೊಡ್ಡ ಕೊರತೆ.

ಇನ್ನೊಂದು ಕೊರತೆ ಬಸ್ಸಿನದು. ಅಂಗವಿಕಲರ ರಿಯಾಯಿತಿ ಪಾಸು ನಡೆಯುವುದು ಕೆಎಸ್‌ಆರ್‌ಟಿಸಿ ಬಸ್ಸುಗಳಲ್ಲಿ. 2023ರ ಜೂನ್‌ನಿಂದ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣವೂ ಸರ್ಕಾರಿ ಬಸ್ಸುಗಳಲ್ಲಿ. ಉಡುಪಿ ಜಿಲ್ಲೆಯ ಒಳರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವ ತಾಯಿ ಮಗನನ್ನು ಕರೆದುಕೊಂಡು ಕುಂದಾಪುರಕ್ಕೆ ಹೋದ ದಿನ, ಇಬ್ಬರ ಟಿಕೆಟಿನ ಜೊತೆಗೆ ಅವಳ ಒಂದು ದಿನದ ಕೂಲಿಯೂ ಹೋಯಿತು. ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದಲ್ಲಿ ಅಂಗವಿಕಲರಿಗೆಂದು ಶೇ 5ರಷ್ಟನ್ನು ತೆಗೆದಿಡಬೇಕು; ಅದು ಹೆಚ್ಚಾಗಿ ಎಲ್ಲರಿಗೂ ಒಂದೇ ಬಗೆಯ ಸಲಕರಣೆಯಾಗಿ ಹಂಚಿಹೋಗುತ್ತದೆ. ಬರೆದಿಟ್ಟ ಹಾಳೆಯೊಂದು ಅಂಗವಿಕಲರ ವಿಶೇಷ ಗ್ರಾಮಸಭೆಯ ಮುಂದೆ ಬಂದರೆ, ಗಾಲಿಕುರ್ಚಿ ಬೇಡದ ಮನೆಗೆ ಏನು ಬೇಕು ಎಂಬುದು ಕಡತಕ್ಕಾದರೂ ಸೇರುತ್ತದೆ, ಅವರ ಒಪ್ಪಿಗೆಯಿಲ್ಲದೆ ಕಾಯಿಲೆಯ ಹೆಸರು ಸಭೆಯಲ್ಲಿ ಎತ್ತಕೂಡದು ಎಂಬ ಎಚ್ಚರದೊಂದಿಗೆ. ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದಾಗ ಈ ಎಚ್ಚರ ಎಷ್ಟು ಮುಖ್ಯ ಎಂಬುದನ್ನು ಊರಿನವರಿಗೆ ವಿವರಿಸಬೇಕಾಗಿಲ್ಲ.

ಪಾಶ್ಚಾತ್ಯ ದೇಶಗಳಲ್ಲಿಯೂ ಈ ಕ್ರಮ ಕಾಗದದಲ್ಲಿ ಸೊರಗಿದ್ದುಂಟು. ಜಿಮ್ ಮ್ಯಾನ್ಸೆಲ್ ಮತ್ತು ಜೂಲಿ ಬೀಡಲ್ ಬ್ರೌನ್ ಎಂಬ ಇಂಗ್ಲೆಂಡಿನ ವಿದ್ವಾಂಸರು 2004ರಲ್ಲಿ ಬರೆದ ಲೇಖನದಲ್ಲಿ, ಯೋಜನೆ ಬರೆಯುವುದಕ್ಕೂ ಅದರಂತೆ ನಡೆಯುವುದಕ್ಕೂ ಇರುವ ಅಂತರವನ್ನು ಎತ್ತಿ ತೋರಿಸಿ, ಹಣ ಮತ್ತು ಸಿಬ್ಬಂದಿಯ ನಡವಳಿಕೆ ಬದಲಾಗದಿದ್ದರೆ ಬರೆದ ಹಾಳೆಗಳಿಂದ ಬದುಕು ಬದಲಾಗದು ಎಂದು ಶಂಕಿಸಿದ್ದರು. ಇಲ್ಲಿ ಆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಇಲಾಖೆಯೊಂದು ಇದನ್ನು ಕೈಗೆತ್ತಿಕೊಂಡರೆ ಮೊದಲು ಅಚ್ಚಾಗುವುದು ಹಲವು ಪುಟಗಳ ನಮೂನೆ, ಆಮೇಲೆ ಬರುವುದು ತಿಂಗಳಿಗೆ ಇಷ್ಟು ತುಂಬಬೇಕೆಂಬ ಗುರಿ. ಒಂದೇ ಹಾಳೆ, ವ್ಯಕ್ತಿ ಆಡಿದ ಮಾತು ಆಡಿದಂತೆಯೇ, ಪ್ರತಿ ಸಾಲಿನ ಮುಂದೆ ಅದನ್ನು ನಡೆಸುವವರ ಹೆಸರು ಎಂಬಷ್ಟಕ್ಕೆ ನಿಲ್ಲಿಸಿದರೆ ಸಾಕು.

ಆ ಹಾಳೆಯನ್ನು ಯಾವಾಗ ಮತ್ತೆ ತೆರೆದು ನೋಡಬೇಕು ಎಂಬುದನ್ನೂ ಇಲ್ಲಿನ ವರ್ಷವೇ ನಿರ್ಧರಿಸಲಿ. ಗಂಗೊಳ್ಳಿ, ಮರವಂತೆ, ಉಪ್ಪುಂದದಂಥ ಮೀನುಗಾರಿಕೆಯ ಊರುಗಳಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವುದಿಲ್ಲ. ಹತ್ತು ತಿಂಗಳು ಹೊರಗಿದ್ದ ಗಂಡಸರು ಮನೆಯಲ್ಲಿರುತ್ತಾರೆ, ಕೈಯಲ್ಲಿ ಕಾಸು ಕಡಿಮೆ, ಹೊರಗೆ ಮಳೆ, ಒಂದೇ ಚಾವಡಿಯಲ್ಲಿ ಎಲ್ಲರೂ. ಉಳಿದ ದಿನಗಳಲ್ಲಿ ಚಾವಡಿಯ ಮೂಲೆಯನ್ನು ತನ್ನದೆಂದುಕೊಂಡು ನೆಮ್ಮದಿಯಾಗಿದ್ದವರಿಗೆ ಆ ಮೂಲೆ ಹೋಗುತ್ತದೆ. ಒಳನಾಡಿನ ಮನೆಗಳಲ್ಲಿ ಅದೇ ಹೊತ್ತಿಗೆ ನಾಟಿಯ ಗಡಿಬಿಡಿ ಇರುತ್ತದೆ, ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ, ಆಟಕ್ಕೆಂದು ಕಾಯುವವರಿಗೆ ಕಾಯಲು ಏನೂ ಇರುವುದಿಲ್ಲ. ಏಪ್ರಿಲ್‌ನ ಆರ್ಥಿಕ ವರ್ಷಕ್ಕೆ ಹೊಂದಿಸುವ ಬದಲು, ಮೇ ತಿಂಗಳ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ದೋಣಿಗಳು ಹೊರಟ ಮೇಲೆ ಇನ್ನೊಮ್ಮೆ ಕಾರ್ಯಕರ್ತರು ಆ ಮನೆಗೆ ಹೋಗಿ, ಮಳೆಗಾಲಕ್ಕೆ ಆ ಮೂಲೆಯ ಬದಲು ಎಲ್ಲಿ ಕೂರುತ್ತೀರಿ ಎಂದು ಅವರನ್ನೇ ಕೇಳಿ ಬರೆದುಕೊಳ್ಳಬೇಕು.